ನಿಮ್ಮದೇ ಕಥೆ ಯಾವಾಗ ಬರೀತೀರ?

ವಾರಕ್ಕೊಮ್ಮೆಯಾದರೂ ಯಾರಾದರೂ ಈ ಪ್ರಶ್ನೆ ಕೇಳುತ್ತಾರೆ. ಚಿತ್ರದುರ್ಗದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಹಗಲೆಲ್ಲ ಬಾಡಿಗೆ ಕರಾರು, ಕಚೇರಿ ಅರ್ಜಿ, ಮದುವೆ ಬಯೋಡೇಟಾ ಟೈಪ್ ಮಾಡುತ್ತೇನೆ. ರಾತ್ರಿ ಊಟವಾದ ಮೇಲೆ ಅದೇ ಕೀಬೋರ್ಡಿನಲ್ಲಿ ಕಥೆ ಬರೆಯುತ್ತೇನೆ. ನಾನು ಬರೆಯೋದು ಫ್ಯಾನ್ ಫಿಕ್ಷನ್. ಬೇರೆಯವರು ಹುಟ್ಟಿಸಿದ ಪಾತ್ರಗಳನ್ನು ತಗೊಂಡು, ಅವರ ಕಥೆ ನಿಂತಲ್ಲಿಂದ ಮುಂದಕ್ಕೆ, ಇಲ್ಲವೇ ಅವರು ಹೇಳದೆ ಬಿಟ್ಟ ಜಾಗದಲ್ಲಿ, ಅಭಿಮಾನಿಗಳು ಬರೆಯುವ ಕಥೆಗೆ ಹಾಗೆ ಹೆಸರು. ಅದನ್ನು ಸಾಮಾನ್ಯವಾಗಿ ದುಡ್ಡಿಗಾಗಿ ಬರೆಯೋದಿಲ್ಲ.

"ಚೆನ್ನಾಗಿ ಬರೀತೀರ ಮೇಡಂ. ಆದ್ರೆ ನಿಮ್ಮದೇ ಸ್ವಂತ ಕಥೆ ಯಾವಾಗ ಬರೀತೀರ?"

ಕೇಳುವವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಚಿಲ್ಲರೆ ಎಣಿಸಿ ಕೊಡುವಷ್ಟು ಹೊತ್ತಿನಲ್ಲಿ ಇದಕ್ಕೆ ಉತ್ತರ ಹೇಳೋಕಾಗಲ್ಲ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇವೇ ನನ್ನ ಸ್ವಂತ ಕಥೆಗಳು.

ಇದೆಲ್ಲ ಶುರುವಾಗಿದ್ದು ನಮ್ಮ ಅಜ್ಜಿಯಿಂದ. ಅಜ್ಜಿ ಶಾಲೆಗೆ ಹೋದವಳಲ್ಲ. ದುರ್ಗದ ಮಕ್ಕಳಿಗೆಲ್ಲ ಗೊತ್ತಿರುವ ಓಬವ್ವನ ಕಥೆಯನ್ನೇ ಅವಳೂ ನಮಗೆ ಹೇಳುತ್ತಿದ್ದಳು. ಹೈದರಾಲಿ ಕೋಟೆಗೆ ಮುತ್ತಿಗೆ ಹಾಕಿದ್ದ. ಕಾವಲಿದ್ದ ಕಹಳೆ ಮುದ್ದಹನುಮ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಹೆಂಡತಿ ಓಬವ್ವ ನೀರು ತರೋಕೆ ಹೋದಳು. ಕಿಂಡಿಯಲ್ಲಿ ಶತ್ರು ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರೋದು ಕಂಡಿತು. ಊಟಕ್ಕೆ ಕೂತ ಗಂಡನನ್ನು ಎಬ್ಬಿಸದೆ ಒನಕೆ ಹಿಡಿದು ಹೋದಳು. ತಲೆ ಹಾಕಿದವನ ತಲೆಗೆ ಒಂದೊಂದೇ ಏಟು. ಕಡೆಗೆ ಅವಳೂ ಉಳಿಯಲಿಲ್ಲ. ಹಿಂದಿನಿಂದ ಬಂದ ಸೈನಿಕ ಕೊಂದ ಅಂತ ಕೆಲವರು ಹೇಳುತ್ತಾರೆ. ಅಷ್ಟು ಹೆಣ ನೋಡಿ ಎದೆ ಒಡೆದು ಸತ್ತಳು ಅಂತ ಇನ್ನು ಕೆಲವರು.

ಎಲ್ಲರೂ ಕಥೆಯನ್ನು ಅಲ್ಲಿಗೆ ಮುಗಿಸುತ್ತಾರೆ. ಅಜ್ಜಿ ಮಾತ್ರ ಕೊನೆಗೆ ಒಂದು ಮಾತು ಕೇಳುತ್ತಿದ್ದಳು.

"ಅಲ್ಲ ಕಣವ್ವ, ಗಂಡ ಉಂಡ ಮೇಲೆ ತಾನೆ ಅವಳು ಉಣ್ಣೋದು? ಅವತ್ತು ಓಬವ್ವ ಉಂಡಿದ್ಲೋ ಇಲ್ವೋ?"

ನನಗೆ ಆಗ ಎಂಟೋ ಒಂಬತ್ತೋ ವರ್ಷ. ಶಾಲೆಯ ಪುಸ್ತಕದಲ್ಲಿ ಓಬವ್ವ ಇದ್ದಳು, ಊರಿನ ಸ್ಟೇಡಿಯಮ್ಮಿಗೆ ಅವಳ ಹೆಸರಿತ್ತು. ಅವಳ ಹಸಿವಿನ ಮಾತನ್ನು ಯಾರೂ ಎತ್ತಿರಲಿಲ್ಲ. ದಿನಾ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುತ್ತಿದ್ದ ನನ್ನ ಅಜ್ಜಿಗೆ ಮಾತ್ರ ಅದು ಹೊಳೆಯಿತು. ಕಥೆ ಅಜ್ಜಿಯದಲ್ಲ. ಆದರೆ ಆ ಪ್ರಶ್ನೆ ಪೂರ್ತಿ ಅವಳದೇ. ಫ್ಯಾನ್ ಫಿಕ್ಷನ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗೋದು ಇದೇ.

ಒಂದು ಸಲ ಕಥಾ ಸ್ಪರ್ಧೆಯೊಂದಕ್ಕೆ ನನ್ನ ಕಥೆ ಕಳಿಸಿದ್ದೆ. ವಾಪಸ್ ಬಂತು. ನಡೆಸುವವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಇದು ಎರವಲು ಕಥೆ ಅಮ್ಮ." ಆ ಮಾತು ಬಹಳ ದಿನ ಮನಸ್ಸಿನಲ್ಲಿ ಕೊರೆಯಿತು. ಆಮೇಲೊಂದು ರಾತ್ರಿ ಪಕ್ಕದ ಮನೆಯಿಂದ ಹೆಪ್ಪಿಗೆ ಒಂದು ಚಮಚ ಮೊಸರು ತಂದೆ. ಕಾಸಿ ಆರಿಸಿಟ್ಟ ಹಾಲಿಗೆ ಅದನ್ನು ಹಾಕುವಾಗ ಯೋಚನೆ ಬಂತು. ಹೆಪ್ಪು ಅವರದು. ಹಾಲು ನಮ್ಮದು, ಪಾತ್ರೆ ನಮ್ಮದು. ಎಷ್ಟು ಬಿಸಿ ಇರಬೇಕು ಅಂತ ಬೆರಳಿಟ್ಟು ನೋಡಿದ್ದು ನಾನು. ಬೆಳಿಗ್ಗೆ ಎದ್ದು ನೋಡಿದಾಗ ಇದ್ದ ಮೊಸರನ್ನು ಪಕ್ಕದ ಮನೆಯ ಮೊಸರು ಅಂತ ಯಾರಾದರೂ ಕರೀತಾರಾ?

ಕನ್ನಡದ ದೊಡ್ಡ ಪುಸ್ತಕಗಳನ್ನೇ ನೋಡಿ. ಪಂಪ ತನ್ನ ಭಾರತವನ್ನು ಬರೆದದ್ದು ಕ್ರಿ.ಶ. 941ರ ಸುಮಾರಿಗೆ. ಕಥೆ ವ್ಯಾಸರದು. ಪಂಪ ಅದರಲ್ಲಿ ಅರ್ಜುನನ ಜಾಗದಲ್ಲಿ ತನಗೆ ಆಶ್ರಯ ಕೊಟ್ಟ ರಾಜ ಅರಿಕೇಸರಿಯನ್ನು ಕಂಡ. ದ್ರೌಪದಿಗೆ ಐವರು ಗಂಡಂದಿರು ಅನ್ನೋದನ್ನು ಬದಲಾಯಿಸಿದ. ಅವನ ಕಾವ್ಯದಲ್ಲಿ ಅವಳು ಅರ್ಜುನನಿಗೆ ಮಾತ್ರ ಹೆಂಡತಿ. ಇಷ್ಟೆಲ್ಲ ಅರ್ಜುನನಿಗಾಗಿ ಮಾಡಿದ ಮೇಲೂ, ಭಾರತದಲ್ಲಿ ಯಾರನ್ನಾದರೂ ನೆನೆಯೋದಾದರೆ ಕರ್ಣನನ್ನು ನೆನೆಯಿರಿ ಅಂತ ಹೇಳಿದ. ಎದುರು ಪಕ್ಷದ ಪಾತ್ರದ ಮೇಲೆ ಪ್ರೀತಿ ಬಂದರೆ ಬರೆಯುವವರ ಕೈ ಹೇಗೆ ತನ್ನಷ್ಟಕ್ಕೆ ಆ ಕಡೆ ವಾಲುತ್ತೆ ಅನ್ನೋದು ನಮಗೆಲ್ಲ ಗೊತ್ತು. ಪಂಪನಿಗೂ ಹಾಗೇ ಆಗಿದೆ ಅನ್ನಿಸುತ್ತದೆ.

ಗದುಗಿನ ಕುಮಾರವ್ಯಾಸನ ಮಾತು ನನಗೆ ಇನ್ನೂ ಇಷ್ಟ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕಿದ ಅಂತ ಅವನು ಹೇಳುತ್ತಾನೆ. ಅದು 15ನೇ ಶತಮಾನ. ಆಗಲೇ ಅಷ್ಟೊಂದು ಜನ ಒಂದೇ ಕಥೆಯನ್ನು ಮತ್ತೆ ಮತ್ತೆ ಬರೆದಾಗಿತ್ತು. ಅವನೇನು ಹೊಸ ಕಥೆ ಹುಡುಕಿಕೊಂಡು ಹೋದನಾ? ಇಲ್ಲ. ಮತ್ತೆ ಭಾರತವನ್ನೇ ಹಿಡಿದ.

ಕುವೆಂಪು ಅವರ ರಾಮಾಯಣದಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ನೂರಾರು ವರ್ಷ ಎಷ್ಟು ಹೆಣ್ಣುಮಕ್ಕಳು ಆ ಅಗ್ನಿಪರೀಕ್ಷೆಯ ಕಥೆ ಕೇಳಿ, "ಅವಳೊಬ್ಬಳೇ ಯಾಕೆ?" ಅಂತ ಒಳಗೊಳಗೇ ಕೇಳಿಕೊಂಡಿರಬಹುದು. ಆ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ಅದಕ್ಕೆ 1967ರ ಜ್ಞಾನಪೀಠವೂ ಬಂತು. ಆ ಕಾವ್ಯವನ್ನು ಕುವೆಂಪು ಅರ್ಪಿಸಿದ್ದು ತಮ್ಮ ಗುರುಗಳಾದ ತ.ಸು. ವೆಂಕಣ್ಣಯ್ಯನವರಿಗೆ. ಅವರು ನಮ್ಮ ಜಿಲ್ಲೆಯ ತಳುಕಿನವರು. ಹೇಳಲೇಬೇಕು ಅನ್ನಿಸಿತು.

ಪುಸ್ತಕ ಓದದವರೂ ಇದನ್ನೇ ಮಾಡಿದ್ದಾರೆ. ಕನ್ನಡದ ಒಂದು ಜನಪದ ರಾಮಾಯಣದಲ್ಲಿ ರಾವಣನೇ ಬಸಿರಾಗುತ್ತಾನೆ, ಸೀನಿದಾಗ ಮಗು ಹುಟ್ಟುತ್ತದೆ. 'ಸೀತ' ಅಂದರೆ ಸೀನಿದ. ಸೀತದ್ದಕ್ಕೆ ಹುಟ್ಟಿದ ಮಗು, ಅದಕ್ಕೇ ಸೀತೆ. ಎ.ಕೆ. ರಾಮಾನುಜನ್ ತಮ್ಮ ಪ್ರಬಂಧದಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಕನ್ನಡದ ಒಂದು ಮಾತಿನಿಂದ ಇಡೀ ರಾಮಾಯಣ ಬೇರೆಯಾಯಿತು. ರಾವಣ ಅವಳ ತಂದೆಯಾದರೆ ಮುಂದಿನದ್ದೆಲ್ಲ ಎಷ್ಟು ಸಂಕಟದ್ದು ನೋಡಿ.

ಇನ್ನು ನಮ್ಮ ಬೆಟ್ಟ. ಕೋಟೆಯೊಳಗೆ ಹಿಡಿಂಬೇಶ್ವರ ದೇವಸ್ಥಾನವಿದೆ. ಹಿಡಿಂಬ ಇಲ್ಲೇ ಇದ್ದ, ಭೀಮ ಅವನನ್ನು ಕೊಂದದ್ದು ಇಲ್ಲೇ ಅಂತ ನಂಬಿಕೆ. ಹಿಡಿಂಬನ ಹಲ್ಲು ಅಂತ ಒಂದನ್ನು ಅಲ್ಲಿ ಇಟ್ಟಿದ್ದಾರೆ. ಮಹಾಭಾರತ ಕೇಳಿದ ಯಾರೋ ಒಬ್ಬರು ಈ ಬಂಡೆಗಳನ್ನು ನೋಡಿ, ಇಷ್ಟು ದೊಡ್ಡ ಬಂಡೆಗಳ ನಡುವೆ ರಾಕ್ಷಸ ಇರದೆ ಇರುತ್ತಾನಾ ಅಂದುಕೊಂಡಿರಬೇಕು. ಕೇಳಿದ ಕಥೆಯನ್ನು ಮನೆಗೆ ಕರೆದುಕೊಂಡು ಬಂದು ಜಾಗ ಕೊಟ್ಟರು. ನಾನೂ ಮಾಡೋದು ಅಷ್ಟೇ.

"ಅವರೆಲ್ಲ ಮಹಾಕವಿಗಳು, ಪುರಾಣ ಬೇರೆ, ಸಿನಿಮಾ ಕಾದಂಬರಿ ಬೇರೆ" ಅಂತ ನೀವು ಹೇಳಬಹುದು. ಸರಿ. ಪುರಾಣಕ್ಕೆ ಒಬ್ಬ ಒಡೆಯ ಇಲ್ಲ. ಹಾಗಿದ್ದರೆ ದುರ್ಗದವರ ಸಿನಿಮಾಕ್ಕೇ ಬರುತ್ತೇನೆ. ನನ್ನ ಮೊದಲ ಕಥೆ ಅದರದ್ದೇ.

'ನಾಗರಹಾವು' ಬಂದದ್ದು 1972ರಲ್ಲಿ. ಪುಟ್ಟಣ್ಣ ಕಣಗಾಲ್ ಅದನ್ನು ನಮ್ಮ ಕೋಟೆಯಲ್ಲೇ ತೆಗೆದರು. ಕಥೆ ತ.ರಾ.ಸು. ಅವರದು. ಅವರೂ ತಳುಕಿನ ಮನೆತನದವರೇ. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಸಿನಿಮಾ ಮಾಡಿದರು. ಕೊನೆಯಲ್ಲಿ ಚಾಮಯ್ಯ ಮೇಷ್ಟ್ರು ಬೆಟ್ಟದ ಮೇಲಿಂದ ಬಿದ್ದು ಸಾಯುತ್ತಾರೆ. ಅವರನ್ನು ತಳ್ಳಿದ್ದು ಅವರೇ ಮಗನ ಹಾಗೆ ನೋಡಿಕೊಂಡ ರಾಮಾಚಾರಿ. ಆಮೇಲೆ ರಾಮಾಚಾರಿಯೂ ಮಾರ್ಗರೆಟ್ಟೂ ಅಲ್ಲಿಂದಲೇ ಹಾರುತ್ತಾರೆ. ಸಿನಿಮಾ ಮುಗಿಯಿತು. ಜನ ಕಣ್ಣೊರೆಸಿಕೊಂಡು ಎದ್ದರು.

ನನಗೆ ಏಳೋಕಾಗಲಿಲ್ಲ. ತುಂಗಮ್ಮ ಎಲ್ಲಿ? ಮೇಷ್ಟ್ರ ಹೆಂಡತಿ. ಮಕ್ಕಳಿಲ್ಲದ ಹೆಂಗಸು. ಆ ಹುಡುಗನಿಗೆ ಕೈಯಾರೆ ತಿನ್ನಿಸಿದವಳು. ಒಂದೇ ದಿನ ಗಂಡನೂ ಹೋದ, ಮಗನಂತಿದ್ದವನೂ ಹೋದ. ಸುದ್ದಿ ಅವಳಿಗೆ ಯಾರು ಹೇಳಿದರು? ಆಮೇಲೆ ಇನ್ನೊಂದು ಮನೆ ಇದೆ. ರಾಮಾಚಾರಿಯ ಹೆತ್ತ ತಾಯಿಯ ಮನೆ. ಒಬ್ಬಳ ಮಗನ ಕೈಯಿಂದ ಇನ್ನೊಬ್ಬಳ ಗಂಡ ಸತ್ತಿದ್ದಾನೆ. ಇಬ್ಬರೂ ಒಂದೇ ಊರಲ್ಲಿ ಬದುಕಬೇಕು. ದೇವಸ್ಥಾನದಲ್ಲೋ ಸಂತೆಯಲ್ಲೋ ಎದುರಾದರೆ ಏನು ಮಾತಾಡುತ್ತಾರೆ?

ನಾನು ಬರೆದದ್ದು ಅದನ್ನೇ. ಹನ್ನೊಂದನೇ ದಿನ ಕಳೆದ ಮೇಲೆ ತುಂಗಮ್ಮ ರಾಮಾಚಾರಿಯ ಮನೆಗೆ ಹೋಗುತ್ತಾಳೆ. ಇಬ್ಬರೂ ಜಗಲಿಯ ಮೇಲೆ ಕೂರುತ್ತಾರೆ. ಕ್ಷಮೆಯ ಮಾತಿಲ್ಲ, ಬೈಗುಳವೂ ಇಲ್ಲ. ಹುಡುಗ ಚಿಕ್ಕವನಿದ್ದಾಗ ಯಾವ ತಿಂಡಿಗೆ ಹಟ ಮಾಡುತ್ತಿದ್ದ ಅಂತ ಇಬ್ಬರಿಗೂ ಬೇರೆ ಬೇರೆ ನೆನಪು. ಅದರ ಮೇಲೆ ಸಣ್ಣ ವಾದ ಆಗುತ್ತದೆ. ಅಷ್ಟೇ ಕಥೆ.

ಇದನ್ನು ಬರೆಯೋಕೆ ನಾನು ಆ ಸಿನಿಮಾವನ್ನು ಹನ್ನೊಂದು ಸಲ ನೋಡಿದೆ. ತುಂಗಮ್ಮ ಬರುವ ದೃಶ್ಯಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಅವಳು ಮೇಷ್ಟ್ರನ್ನು ಯಾವಾಗ ನೋಡುತ್ತಾಳೆ, ಯಾವಾಗ ನೆಲ ನೋಡುತ್ತಾಳೆ. ಲೀಲಾವತಿ ಅವರು ಮಾತಿಲ್ಲದ ಕಡೆ ಎಷ್ಟು ಮಾಡಿದ್ದಾರೆ ಅಂತ ಆಗ ಗೊತ್ತಾಯಿತು. ಮೊದಲು ನಾನು ಕಥೆ ಎಲ್ಲಿಗೆ ಹೋಗುತ್ತದೆ ಅಂತ ಓದುತ್ತಿದ್ದೆ, ನೋಡುತ್ತಿದ್ದೆ. ಈಗ ಮೂಲೆಯಲ್ಲಿ ನಿಂತವರು ಯಾರು, ಅವರಿಗೆ ಯಾಕೆ ಮಾತು ಕೊಟ್ಟಿಲ್ಲ ಅಂತ ನೋಡುತ್ತೇನೆ. ಇದನ್ನು ನನಗೆ ಯಾವ ಪರೀಕ್ಷೆಯೂ ಕಲಿಸಿರಲಿಲ್ಲ.

ಇನ್ನೊಂದು ಸಂಗತಿ. ಆ ಸಿನಿಮಾ ನೋಡಿ ತ.ರಾ.ಸು. ಅವರಿಗೆ ಸಮಾಧಾನ ಆಗಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂಬ ಅರ್ಥದ ಅವರ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಬರೆದವರಿಗೆ ನೋವಾಗಿದ್ದು ನಿಜ, ಅದನ್ನು ನಾನು ಹಗುರ ಮಾಡಲ್ಲ. ಆದರೆ ಮೂರು ಪುಸ್ತಕ ಒಂದಾಯಿತು, ಪಾತ್ರಗಳು ಬದಲಾದವು, ಲಕ್ಷಾಂತರ ಜನ ಅದನ್ನು ಪ್ರೀತಿಸಿದರು. ಪುಟ್ಟಣ್ಣನವರನ್ನು ಯಾರೂ "ನಿಮ್ಮದೇ ಕಥೆ ಯಾವಾಗ ಮಾಡ್ತೀರ?" ಅಂತ ಕೇಳಲಿಲ್ಲ. ಹಕ್ಕು ತಗೊಂಡು ದೊಡ್ಡ ಪರದೆಯಲ್ಲಿ ಮಾಡಿದರೆ ಅದಕ್ಕೆ ರೂಪಾಂತರ ಅಂತಾರೆ. ಅಂಗಡಿ ಮುಚ್ಚಿದ ಮೇಲೆ ಹೆಂಗಸೊಬ್ಬಳು ಸುಮ್ನೆ ಬರೆದರೆ ಎರವಲು ಅಂತಾರೆ.

ಕಾನೂನಿನ ಮಾತೂ ಇಲ್ಲಿ ಬರಬೇಕು. ಇದನ್ನು ಮುಚ್ಚಿಟ್ಟು ವಾದ ಮಾಡಬಾರದು. ನಮ್ಮ ದೇಶದಲ್ಲಿ 1957ರ ಕಾಪಿರೈಟ್ ಕಾಯ್ದೆ ಇದೆ. ಲೇಖಕರು ಬದುಕಿರುವಷ್ಟು ಕಾಲ, ಅವರು ತೀರಿದ ಮುಂದಿನ ವರ್ಷದಿಂದ 60 ವರ್ಷ, ಅವರ ಬರಹಕ್ಕೆ ಹಕ್ಕು ಇರುತ್ತದೆ. ರೂಪಾಂತರ ಮಾಡುವ ಹಕ್ಕೂ ಅದರಲ್ಲೇ ಸೇರಿದೆ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಅಂದರೆ 2044ರ ಕೊನೆಯವರೆಗೂ ಹಕ್ಕು ಅವರ ಕಡೆಯವರದೇ. ದುಡ್ಡು ತಗೊಳ್ಳದಿದ್ದರೆ ಎಲ್ಲ ಸರಿ ಅಂತ ಬರೆಯುವ ಹುಡುಗಿಯರು ತಿಳಿದುಕೊಂಡಿದ್ದಾರೆ, ಕಾಯ್ದೆ ಅಷ್ಟು ಸರಳ ಇಲ್ಲ. ಅದಕ್ಕೆ ನಾನು ಮೂರು ಕೆಲಸ ಮಾಡುತ್ತೇನೆ. ಪಾತ್ರಗಳು ಯಾರವು ಅಂತ ಮೊದಲ ಸಾಲಿನಲ್ಲೇ ಹೇಳುತ್ತೇನೆ. ಮೂಲದ ಒಂದು ವಾಕ್ಯವನ್ನೂ ಎತ್ತಿ ಹಾಕಲ್ಲ. ಹಕ್ಕಿರುವವರು ಬೇಡ ಅಂದರೆ ಆ ದಿನವೇ ತೆಗೆಯುತ್ತೇನೆ. ಬೇರೆಯವರ ಕಥೆಯಲ್ಲಿ ಹೆಸರು ಬದಲಿಸಿ ತನ್ನದು ಅಂತ ಹಾಕುವವರಿದ್ದಾರೆ. ಅದು ಕಳ್ಳತನ. ಅದನ್ನೂ ನಮ್ಮ ಲೆಕ್ಕಕ್ಕೆ ಸೇರಿಸಿ ಮಾತಾಡಿದಾಗ ನನಗೆ ಬೇಜಾರಾಗುತ್ತದೆ.

ಇದು ನಮ್ಮೂರಿನ ಮಾತು ಮಾತ್ರ ಅಲ್ಲ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಕೊಂದರು. ಓದುಗರು ಒಪ್ಪಲೇ ಇಲ್ಲ. 1903ರಲ್ಲಿ ಅವನನ್ನು ಬದುಕಿಸಬೇಕಾಯಿತು. ಅಮೆರಿಕದಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿ ಶುರುವಾದ ಮರುವರ್ಷವೇ, 1967ರಲ್ಲಿ, ಅದರ ಅಭಿಮಾನಿಗಳು 'ಸ್ಪಾಕನೇಲಿಯಾ' ಅಂತ ಕೈಪತ್ರಿಕೆ ತಂದರು. ಈ ಲೋಕದಲ್ಲಿ ಮೊದಲಿಂದಲೂ ಹೆಂಗಸರೇ ಜಾಸ್ತಿ. ಈಗ 'ಆರ್ಕೈವ್ ಆಫ್ ಅವರ್ ಓನ್' ಎಂಬ ಭಂಡಾರದಲ್ಲಿ ಇಂಥ ಒಂದು ಕೋಟಿಗೂ ಹೆಚ್ಚು ಬರಹಗಳಿವೆ. ಸಂಬಳ ಇಲ್ಲದ ಸ್ವಯಂಸೇವಕರು ಅದನ್ನು ನಡೆಸುತ್ತಾರೆ. 2019ರಲ್ಲಿ ಅದಕ್ಕೆ ವಿಜ್ಞಾನ ಕಥೆಗಳ ಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಸಿಕ್ಕಿತು.

ಪ್ರಶಸ್ತಿಯ ಮಾತು ಇರಲಿ. ನನ್ನ ಕೌಂಟರಿನ ಮುಂದೆ ನಡೆದದ್ದು ಹೇಳುತ್ತೇನೆ.

ಪಿಯುಸಿ ಓದುವ ಒಬ್ಬ ಹುಡುಗಿ ನಮ್ಮಲ್ಲಿ ನೋಟ್ಸ್ ಜೆರಾಕ್ಸ್ ಮಾಡಿಸುತ್ತಿದ್ದಳು. ಒಂದು ದಿನ ಅವಳ ಅಮ್ಮ ಒಂದು ನೂರು ಪುಟದ ನೋಟ್‌ಬುಕ್ ತಂದು ಕೌಂಟರ್ ಮೇಲೆ ಬಡಿದರು. "ನೋಡ್ರಿ ಅಕ್ಕ, ಓದು ಅಂದ್ರೆ ಏನು ಬರ್ಕೊಂಡು ಕೂತವಳೆ. ನೀವೂ ಇಂಥದ್ದೇ ಬರೀತೀರಂತೆ. ನಿಮ್ಮನ್ನ ನೋಡಿನೇ ಕಲ್ತವಳೆ."

ಹುಡುಗಿ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು. ನಾನು ನೋಟ್‌ಬುಕ್ ತೆರೆದೆ. ಎಲ್ಲರ ಮನೆಯಲ್ಲೂ ನೋಡುವ ಒಂದು ಧಾರಾವಾಹಿಯ ಕಥೆ. ಅದರಲ್ಲಿ ಅತ್ತೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಾಳೆ. ಟಿವಿಯಲ್ಲಿ ಅವಳು ಬರಿಗೈಯಲ್ಲಿ ಮಳೆಯಲ್ಲಿ ನಡೆದುಕೊಂಡು ಹೋಗುತ್ತಾಳೆ, ಹಿಂದೆ ಹಾಡು ಬರುತ್ತದೆ. ಈ ಹುಡುಗಿಯ ನೋಟ್‌ಬುಕ್ಕಿನಲ್ಲಿ ಸೊಸೆ ವಾಪಸ್ ಒಳಗೆ ಹೋಗುತ್ತಾಳೆ. ಬೀರು ತೆಗೆಯುತ್ತಾಳೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳುತ್ತಾಳೆ. ಮಳೆ ಬರುತ್ತಿದೆಯಲ್ಲ, ಅದಕ್ಕೆ ಕವರಿನ ಬಾಯಿಗೆ ಗಂಟು ಹಾಕುತ್ತಾಳೆ. ಆಮೇಲೆ ಹೊರಡುತ್ತಾಳೆ.

ಈ ಅಂಗಡಿಗೆ ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ಕಾಗದಪತ್ರ ಗಂಡನ ಮನೆಯಲ್ಲೇ ಉಳಿದಿರುತ್ತದೆ. ಒಂದು ಅರ್ಜಿ ತುಂಬೋಕೆ ಆಗದೆ ನಿಲ್ಲುತ್ತಾರೆ. ಅದು ನನಗೆ ಗೊತ್ತಿತ್ತು. ಹದಿನೇಳು ವರ್ಷದ ಹುಡುಗಿಗೂ ಗೊತ್ತಿದೆ ಅಂತ ಅವತ್ತು ಗೊತ್ತಾಯಿತು. ಆ ಪುಟವನ್ನು ಅವಳ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ನೋಟ್‌ಬುಕ್ ತಗೊಂಡು ಚೀಲದೊಳಗೆ ಇಟ್ಟುಕೊಂಡರು. ಮಗಳ ಕೈಗೆ ಕೊಡಲಿಲ್ಲ, ಹರಿದೂ ಹಾಕಲಿಲ್ಲ.

ಫ್ಯಾನ್ ಫಿಕ್ಷನ್ ಅಂದರೆ ಬರೀ ಪ್ರೀತಿ ಪ್ರೇಮ, ಕಳಪೆ ಬರಹ ಅಂತ ಹೇಳುವವರಿಗೆ ನಾನು ಜಗಳ ಆಡಲ್ಲ. ಬಹಳಷ್ಟು ಕಳಪೆಯೇ. ಹದಿನಾರು ಹದಿನೇಳರ ಕೈ ಬರೆದದ್ದು ಹಾಗೇ ಇರುತ್ತದೆ. ಮೊದಲ ಸಲ ತಟ್ಟಿದ ರೊಟ್ಟಿ ಗುಂಡಗೆ ಬರುತ್ತಾ? ಬೇರೆ ಕಡೆ ಆ ರೊಟ್ಟಿಯನ್ನು ಯಾರೂ ತಿನ್ನಲ್ಲ. ಇಲ್ಲಿ ಅದೇ ಪಾತ್ರವನ್ನು ಪ್ರೀತಿಸುವ ಇನ್ನೊಬ್ಬಳು ಓದಿ, "ಅವಳು ಹಾಗೆ ಮಾತಾಡಲ್ಲ ಕಣೆ" ಅಂತ ತಿದ್ದುತ್ತಾಳೆ. ದಾವಣಗೆರೆಯ ಒಬ್ಬ ಗೃಹಿಣಿ ನನ್ನ ತುಂಗಮ್ಮನ ಮಾತುಗಳನ್ನು ಸಾಲುಸಾಲಾಗಿ ತಿದ್ದಿಕೊಟ್ಟರು. ಮೇಷ್ಟ್ರ ಮನೆಯ ಹೆಂಗಸು ಯಾವ ಮಾತು ಬಳಸಲ್ಲ ಅನ್ನೋದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಂದೂ ಪುಸ್ತಕ ಪ್ರಕಟಿಸದ ಅವರಿಗಿಂತ ಒಳ್ಳೆಯ ಸಂಪಾದಕಿ ನನಗೆ ಸಿಕ್ಕಿಲ್ಲ.

ನಾನು ಒಪ್ಪದ ಸಂಗತಿಗಳೂ ಇವೆ. ಬದುಕಿರುವ ನಟ ನಟಿಯರ ಬಗ್ಗೆ, ಅವರ ಮನೆ ಸಂಸಾರದ ಬಗ್ಗೆ ಕಟ್ಟಿ ಬರೆಯೋದು ನನಗೆ ಸರಿ ಕಾಣಲ್ಲ. ಪಾತ್ರ ಬೇರೆ, ಮನುಷ್ಯ ಬೇರೆ. ಹುಡುಗ ಹೊಡೆದರೂ ಅದೇ ಪ್ರೀತಿ ಅಂತ ಬರೆಯುವ ಕಥೆಗಳನ್ನು ನಾನು ಓದಲ್ಲ. ಬರೆದವರು ಕೇಳಿದರೆ ಯಾಕೆ ಅಂತಲೂ ಹೇಳುತ್ತೇನೆ.

ಪೂರ್ತಿ ಹೊಸ ಪಾತ್ರ ಮನಸ್ಸಿಗೆ ಬಂದರೆ ಅದನ್ನೂ ಬರೆಯುತ್ತೇನೆ. ಅದು ಮೇಲಿನ ಮೆಟ್ಟಿಲು, ಇದು ಕೆಳಗಿನದು ಅಂತ ಮಾತ್ರ ನನ್ನಿಂದ ಒಪ್ಪೋಕಾಗಲ್ಲ. ಸದ್ಯಕ್ಕೆ ಕೈಯಲ್ಲಿರೋದು ಅಜ್ಜಿಯ ಪ್ರಶ್ನೆ.

ಕಳೆದ ಭಾನುವಾರ ಬೆಳಿಗ್ಗೆ ಬೇಗ ಕೋಟೆಗೆ ಹೋಗಿದ್ದೆ. ಓಬವ್ವನ ಕಿಂಡಿಯ ಹತ್ತಿರ ಜನ ಇರಲಿಲ್ಲ. ಕಿಂಡಿಯಲ್ಲಿ ನುಸುಳಿ ನೋಡಿದೆ. ಭುಜ ಓರೆ ಮಾಡಬೇಕು, ತಲೆ ಬಗ್ಗಿಸಬೇಕು. ಪಕ್ಕದಲ್ಲೇ ತಣ್ಣೀರು ದೋಣಿ. ಅವಳು ನೀರಿಗೆ ಬಂದದ್ದು ಇಲ್ಲಿಗೇ. ಅಲ್ಲಿ ಕೂತು ಒಂದು ಪುಟ ಬರೆದೆ.

ಬರೆದದ್ದು ಇಷ್ಟು. ಸಂಜೆಯಾಗಿದೆ. ಎಲ್ಲ ಮುಗಿದಿದೆ. ಮುದ್ದಹನುಮ ಮನೆಗೆ ಬರುತ್ತಾನೆ. ಒರಳಿನ ಹತ್ತಿರ ಒನಕೆ ಇಲ್ಲ. ಒಲೆ ಆರಿದೆ. ಅವನು ಉಂಡ ತಟ್ಟೆ ಹಾಗೇ ಒಣಗಿದೆ. ಒಲೆಯ ಪಕ್ಕ ಒಂದು ಗಡಿಗೆ, ಅದರ ಮೇಲೆ ಮುಚ್ಚಳ. ಮುಚ್ಚಳದ ಕೆಳಗೆ ಒಂದು ಮುದ್ದೆ ಇದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಅವನ ಕೈ ಮುಚ್ಚಳದವರೆಗೆ ಹೋಗಿದೆ. ಇನ್ನೂ ತೆಗೆದಿಲ್ಲ.